ಸೊಟ್ಟ ಹಿಡಿಯ ಬಲೆ

"ಏಳೇ, ಮ್ಯಾನೇಜರ್ ಮೈಮೇಲೆ ಮತ್ತೆ ಉಪ್ಪು ಉದುರಿದೆ," ಎಂದು ಅತ್ತೆ ಅವಳ ಹೊದಿಕೆ ಎಳೆದರು.

ಅವಳ ಗಂಡನ ಅಂತ್ಯಕ್ರಿಯೆಗೆಂದು ಬಂದು ಉಳಿದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದ ಮೊದಲ ಬೆಳಗು. ಅವಳು ಎದ್ದು ಹಾಲ್‌ನ ಗಾಜಿನ ತೊಟ್ಟಿಯ ಮುಂದೆ ಕೂತಳು. ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುತ್ತದೆಂದು ಅವಳ ಗಂಡ ಮ್ಯಾನೇಜರ್ ಎಂದು ಹೆಸರಿಟ್ಟಿದ್ದ ಕಿತ್ತಳೆ ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ರೆಕ್ಕೆಯ ತುಂಬ ಬಿಳಿ ಚುಕ್ಕೆ.

"ಹೋದ ಸಲ ಅವನು ಔಷಧಿ ಹಾಕಿದ್ನಲ್ಲೇ?"

"ಹಾಕಿದ್ರು ಅತ್ತೆ. ಚುಕ್ಕೆ ಹೋದ ದಿನವೇ ನಿಲ್ಲಿಸಿ, ಗುಣ ಆಯ್ತು ಅಂತ ಐಸ್‌ಕ್ರೀಮ್ ತಂದ್ರು."

"ನೀನೂ ತಿಂದೆ. ನೋಡು, ಈ ಮನೇಲಿ ಇನ್ನೊಂದು ಸಾವು ನಾನು ನೋಡಲ್ಲ. ಕೆಳಗಿನ ಹಲ್ಲಿನ ಡಾಕ್ಟ್ರನ್ನ ಕರಿ."

"ಮೀನಿಗೆ ಹಲ್ಲಿನ ಡಾಕ್ಟ್ರಾ?"

"ಅವರೂ ಮೀನು ಸಾಕಿದ್ದಾರೆ ಕಣೇ. ತಮಾಷೆ ಆಮೇಲೆ ಮಾಡು."

ಕೆಳಗಿನ ಮನೆಯೇ ಡಾಕ್ಟರ ಕ್ಲಿನಿಕ್. ಹೆದರಿ ಕೂತ ರೋಗಿಗಳು ನೋಡಿಕೊಂಡಿರಲಿ ಎಂದು ಅಲ್ಲೊಂದು ಮೀನಿನ ತೊಟ್ಟಿ. ಒಬ್ಬರ ಹಲ್ಲು ಕಿತ್ತು ಇನ್ನೊಬ್ಬರನ್ನು ಕುರ್ಚಿಗೆ ಕೂರಿಸುವ ನಡುವೆ ಅವರು ಮೇಲೆ ಬಂದರು. ನೇರ ತೊಟ್ಟಿಯ ಹತ್ತಿರ ಹೋಗಿ ಬಗ್ಗಿದರು.

"ನಮ್ಮವಕ್ಕೂ ಇದೇ ಆಗಿದೆ. ಪ್ರತಿ ಸಲಾನೂ ನಿಮ್ಮಿಂದ್ಲೇ ಬರೋದು."

"ನಮ್ಮ ಮೀನು ಮೆಟ್ಟಿಲಿಳಿದು ಬಂತಾ ಡಾಕ್ಟ್ರೇ?" ಎಂದರು ಅತ್ತೆ.

"ನಿಮ್ಮ ಮಗನೂ ಹೀಗೇ ಕೇಳ್ತಿದ್ರು ಅಮ್ಮಾ. ನನ್ನ ಮೀನೇ ಗಲೀಜು ಅಂತಿದ್ರು." ಅವರು ಗೋಡೆಯ ಮೊಳೆಗೆ ಕೈ ಚಾಚಿದರು. "ಹಾಗೇ ನನ್ನ ಬಲೆ ತಗೊಂಡು ಹೋಗ್ತೀನಿ. ಈ ಸಲ ಎರವಲು ತಂದವರು ಮತ್ತೆ ಕೊಡೋಕೆ… ಕೆಳಗೆ ನಮ್ಮ ತೊಟ್ಟೀಲಿ ಒಂದು ಮೀನು ಸತ್ತು ತೇಲ್ತಿದೆ."

ಮೊಳೆಗೆ ತೂಗಿದ್ದ ಬಲೆ ತೊಟ್ಟಿಕ್ಕುತ್ತಿತ್ತು. ಅತ್ತೆ ಬೆಳಿಗ್ಗೆಯಷ್ಟೇ ಅದರಿಂದ ಕಸ ಎತ್ತಿದ್ದರು. ಕಲ್ಲಿನ ಹಿಂದಿನ ಮೂಲೆಗೆ ಎಟುಕಲೆಂದು ಅವಳ ಗಂಡ ಅದರ ತಂತಿಯ ಹಿಡಿಯನ್ನು ಬಗ್ಗಿಸಿದ್ದ. ಅವಳು ಬಲೆಯನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ಒಬ್ಬರ ಬಾಯಿಗೆ ಹಾಕಿದ ಕನ್ನಡಿನ ಇನ್ನೊಬ್ಬರ ಬಾಯಿಗೆ ಹಾಗೇ ಹಾಕ್ತೀರಾ?"

"ಛೆ ಛೆ! ಏನು ಮಾತಿದು? ಕುದಿಸದೆ ಒಂದು ಸೂಜಿ ಮುಟ್ಟಲ್ಲ ನಾನು."

"ಮತ್ತೆ ಈ ಬಲೆ?"

ಡಾಕ್ಟರು ಬಲೆಯನ್ನು ನೋಡಿದರು. ಅದರ ಒಂದು ಹನಿ ಅವರ ಬೂಟಿನ ಮೇಲೆ ಬಿತ್ತು.

"ಅಯ್ಯೋ," ಎಂದರು. "ಒದ್ದೆ ಬಲೇನ ಮೇಲಕ್ಕೂ ಕೆಳಕ್ಕೂ ಓಡಾಡಿಸಿ, ನಾನೂ ಅವರೂ ಸೇರಿ ಈ ಚುಕ್ಕೆಯ ಹುಳ ಹಂಚಿದ್ದೀವಿ!"

"ಹಂಚಿ, ಆಮೇಲೆ ಜಗಳ ಬೇರೆ ಆಡಿದ್ದೀರಿ," ಎಂದಳು ಅವಳು.

"ಡಾಕ್ಟ್ರಂತೆ, ಡಾಕ್ಟ್ರು!" ಎಂದ ಅತ್ತೆಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ, ನಗಬಹುದಿತ್ತೇ ಎಂಬಂತೆ ಸೊಸೆಯ ಮುಖ ನೋಡಿದರು. ಸೊಸೆಯೂ ನಗುತ್ತಿದ್ದಳು.

ಆ ಸಲ ಅವಳು ಔಷಧಿಯ ಸೀಸೆಯ ಮೇಲಿನದ್ದನ್ನು ಕಡೆಯವರೆಗೂ ಓದಿದಳು. ಮೈಗೆ ಅಂಟಿದ ಹುಳಕ್ಕೆ ಔಷಧಿ ತಾಗುವುದಿಲ್ಲ. ಅದು ಕಳಚಿ ತಳಕ್ಕೆ ಬಿದ್ದು, ಕಲ್ಲುಗಳ ನಡುವೆ ಮರಿ ಮಾಡುತ್ತದೆ. ಆ ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಅವಳು ನೀರನ್ನು ತುಸು ಬೆಚ್ಚಗೆ ಮಾಡಿದಳು, ತಳದ ಕೊಳೆಯನ್ನು ಪೈಪಿನಲ್ಲಿ ಎಳೆದು ಚೆಲ್ಲಿದಳು, ಔಷಧಿ ಬಿಟ್ಟಳು. ನೀಲಿ ನೀರಿನಲ್ಲಿ ಮ್ಯಾನೇಜರ್ ಸಿಟ್ಟಿನಿಂದ ಸುತ್ತಿತು. ಕೆಳಗೆ ಡಾಕ್ಟರ ತೊಟ್ಟಿಯಲ್ಲೂ ಅದೇ ನೀಲಿ.

ಕೆಲವು ದಿನಕ್ಕೆ ಚುಕ್ಕೆಗಳು ಮಾಯವಾದವು.

"ಗುಣ ಆಯ್ತು! ಸಾಕು ಬಿಡೇ ಇನ್ನು," ಎಂದರು ಅತ್ತೆ.

"ಅವರ ಅಮ್ಮನೇ ನೀವು," ಎಂದು ಅವಳು ಆ ದಿನದ ಔಷಧಿ ಹಾಕಿದಳು. ಮರುದಿನವೂ ಹಾಕಿದಳು. ಇನ್ನೂ ಒಂದು ವಾರ ಹಾಕಿದಳು. ಚುಕ್ಕೆ ಮರಳಲಿಲ್ಲ. ಮ್ಯಾನೇಜರ್ ಹೊಟ್ಟೆ ಮುಂದೆ ಮಾಡಿಕೊಂಡು ತಿಂಡಿಗಾಗಿ ಗಾಜು ಕುಟ್ಟತೊಡಗಿತು.

ಅಷ್ಟೂ ದಿನ ಬಲೆ ಬಾಲ್ಕನಿಯ ಬಿಸಿಲಲ್ಲಿ ಒಣಗುತ್ತಿತ್ತು. ತಮ್ಮ ಮನೆಗೆಂದು ಅವಳು ಹೊಸದೊಂದನ್ನು ತಂದಳು.

"ಹೊಸದನ್ನೇ ಅವರಿಗೆ ಕೊಟ್ಟುಬಿಡೇ," ಎಂದರು ಅತ್ತೆ. "ಇದನ್ನ ಅವನು ಬಗ್ಗಿಸಿದ್ದು."

"ತಂದದ್ದನ್ನೇ ಕೊಡಬೇಕಲ್ಲ ಅತ್ತೆ."

ತಂದದ್ದನ್ನು ತಂದ ಹಾಗೆ ಕೊಡಬೇಕೆಂದು ಅವಳು ಮೆಟ್ಟಿಲ ಮೇಲೆ ಕೂತು ಹಿಡಿಯನ್ನು ನೆಟ್ಟಗೆ ಮಾಡಲು ನೋಡಿದಳು. ತಂತಿ ಸ್ವಲ್ಪ ಮಣಿಯಿತು. ಅವಳು ಅದನ್ನು ಮೊದಲಿದ್ದ ಹಾಗೇ ಬಗ್ಗಿಸಿ, ಎದ್ದು ಕೆಳಗಿಳಿದಳು.

ಕ್ಲಿನಿಕ್‌ನಲ್ಲಿ ಕೆನ್ನೆ ಊದಿಸಿಕೊಂಡ ಒಬ್ಬ ರೋಗಿಯಷ್ಟೇ ಇದ್ದ. ಡಾಕ್ಟರು ಬಲೆ ತೆಗೆದುಕೊಂಡು ತಿರುಗಿಸಿ ನೋಡಿದರು. ದಿನವಿಡೀ ಸೊಟ್ಟ ಹಲ್ಲಿಗೆ ತಂತಿ ಬಿಗಿಯುವ ಕೈ. ಯೋಚಿಸುವ ಮೊದಲೇ ತಟ್ಟೆಯಿಂದ ಇಕ್ಕಳ ಎತ್ತಿಕೊಂಡಿತು.

"ಅವರು ಬಗ್ಗಿಸಿದ್ದು," ಎಂದಳು ಅವಳು. "ನೆಟ್ಟಗೆ ಮಾಡಿ ಕೊಡೋಣ ಅಂದ್ಕೊಂಡೆ. ಆಗ್ಲಿಲ್ಲ."

ಡಾಕ್ಟರು ಇಕ್ಕಳವನ್ನು ತಟ್ಟೆಯಲ್ಲಿಟ್ಟರು. ಬಲೆಯನ್ನು ತಮ್ಮ ತೊಟ್ಟಿಗೆ ಇಳಿಸಿದರು. ಅದು ಕಲ್ಲನ್ನು ಸುತ್ತಿಕೊಂಡು, ಈವರೆಗೆ ಅವರ ಕೈ ಎಟುಕದೆ ಬಿಟ್ಟಿದ್ದ ಹಿಂದಿನ ಮೂಲೆಗೆ ಸಲೀಸಾಗಿ ಹೋಯಿತು.