ಬೂಟುಗಾಲಿನ ಮೇಜರ್

ಈಗಲೂ ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿದರೆ ಬೇಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಸೇನೆಯ ಪ್ಯಾರಾಚೂಟ್ ಪಡೆಯಲ್ಲಿ ಹವಾಲ್ದಾರರಾಗಿದ್ದರು. ತರಬೇತಿಯಲ್ಲಿ ವಿಮಾನದಿಂದ ಧುಮುಕಿದಾಗ ಬಿರುಗಾಳಿಗೆ ಸಿಕ್ಕಿ, ಸೊಂಟ ಮುರಿದುಕೊಂಡು ಊರಿಗೆ ಬಂದಿದ್ದರು. ಜೊತೆಗೆ ಧುಮುಕಿದ ಹೊಸ ಸಿಪಾಯಿಯೊಬ್ಬ ಬದುಕಲಿಲ್ಲ. ಅಂದು ಆಜ್ಞೆ ಕೊಟ್ಟಿದ್ದ ಮೈಸೂರಿನ ಮೇಜರ್ ನಮ್ಮ ನಡುಮನೆಗೆ ಬೂಟುಗಾಲಲ್ಲೇ ಬಂದು, ಟೋಪಿ ತೆಗೆದಿಟ್ಟು ಕೂತರು.

"ವಿಚಾರಣೆ ನಡೀತಿದೆ. ತಪ್ಪು ಆ ಸಿಪಾಯಿದೇ ಅಂತ ಬರೆದುಕೊಡಿ. ನಾನು ಕರ್ನಲ್ ಆದ್ಮೇಲೆ ನಿಮ್ಮನ್ನ ಮರೆಯಲ್ಲ," ಎಂದರು.

ನೀರು ತಂದಿದ್ದ ಅವ್ವ ಚೊಂಬನ್ನು ಕೊಡದೆ ಹಿಂದಕ್ಕೆಳೆದುಕೊಂಡಳು. "ಸತ್ತೋನ್ ಮ್ಯಾಲೆ ತಪ್ಪೊರ್ಸಕೆ ಇಲ್ಲೀಗಂಟ ಬಂದ್ರಾ?"

ಅಪ್ಪ ಮೆಲ್ಲಗೆ ಹೇಳಿದರು: "ಗಾಳಿ ಜಾಸ್ತಿ ಅದೆ, ಬ್ಯಾಡಿ ಸಾರ್ ಅಂತ ಮೂರು ಸಲ ಏಳಿದ್ದೆ. ಅದ್ನೇ ಬರ್ದು ಕಳ್ಸಿವ್ನಿ."

ಮೇಜರ್ ಸೆಟೆದು ನಿಂತು "ಹವಾಲ್ದಾರ್!" ಎಂದು ಗದರಿದರು. ಟಿವಿಯಲ್ಲಿ ಸೇನೆಯ ಪೆರೇಡ್ ಬಂದರೂ ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದ ಅಪ್ಪ ಮಂಚದಿಂದ ಅಲುಗಲಿಲ್ಲ.

"ಸಾಹೇಬ್ರು ಒಂಟವ್ರೆ, ಟೋಪಿ ಎತ್ಕೊಡು ಕಣಮ್ಮಿ," ಎಂದರು ನನಗೆ.

ಅದನ್ನು ನಾನು ಎರಡೇ ಬೆರಳಲ್ಲಿ ಹಿಡಿದು ಕೊಟ್ಟೆ.