ಸಡಿಲ ನೇಯ್ಗೆ

ಗಡ್ಡೆ ಎದ್ದ ಕಣ್ಣಿನೊಳಗೆ ಕೂರಿಸುವ ಜಾಲಗಳನ್ನು ಈಗ ಇಳಕಲ್ಲಿನ ಅರ್ಧ ಮಗ್ಗಗಳು ನೇಯುತ್ತಿದ್ದವು. ಪಾರವ್ವ ನೇಯ್ದ ಮೊದಲ ಜಾಲ ಮಾತ್ರ ಆಸ್ಪತ್ರೆಯಿಂದ ವಾಪಸ್ ಬಂದಿತ್ತು. ನಲವತ್ತು ವರ್ಷ ಸೀರೆ ನೇಯ್ದ ಕೈ. ನೀರು ಸೋರದಷ್ಟು ಬಿಗಿಯಾಗಿ ನೇಯ್ದಿದ್ದಳು.

"ಪಾರವ್ವಾರ, ಬಿಗಿ ಎಳಿ ಸಿಕ್ರ ಗಡ್ಡಿ ಅದನ್ನ ಹಿಡ್ಕೊಂಡು ಹಬ್ಬತೈತ್ರಿ," ಎಂದಿದ್ದರು ಡಾಕ್ಟರ್ ನಸೀಮಾ. "ಗಡ್ಡಿಗೆ 'ಬೆಳಿ, ಬೆಳಿ' ಅನ್ನೋ ಸುದ್ದಿನೂ ಬಿಗಿ ಎಳಿ ಮ್ಯಾಲೇ ಜೋರು ಓಡತೈತಿ. ಸಡ್ಲ ನೇಯ್ರಿ. ಹಾಸಿಗಿ ಹಾಸಿಕೊಟ್ಟಂಗ ಇರ್ಲಿ, ಗಡ್ಡಿ ಮಲ್ಕೊಂಡುಬಿಡ್ಲಿ."

ಸಡಿಲ ನೇಯ್ಗೆಯೆಂದರೆ ಅವಳ ಅಪ್ಪನ ಬಾಯಲ್ಲಿ ಬೈಗುಳ. ಮತ್ತೆ ಮೂರು ಸಲ ನೇಯ್ದಳು. ಮೂರು ಸಲವೂ ಕೈ ತನ್ನ ಚಾಳಿ ಬಿಡದೆ, ಎಳೆ ಒತ್ತಿ ಕೂರಿಸುವ ಹಣಿಗೆಯನ್ನು ಜಗ್ಗಿ ಬಡಿಯಿತು. ಮೂರನ್ನೂ ಬಿಚ್ಚಿದಳು.

ಇವತ್ತು ಆ ಜಾಲ ಹೋಗಬೇಕಾದ ಕಣ್ಣೇ ಮಗ್ಗದ ಪಕ್ಕ ಬಂದು ಕೂತಿತ್ತು. ಆರು ವರ್ಷದ ಭುವನಾ, ಒಂದು ಕಣ್ಣಿಗೆ ಪಟ್ಟಿ.

"ಅಜ್ಜಿ, ಇದಕ್ಕ ದಡಿ ಯಾವ್ದು ಹಾಕ್ತಿ?"

"ದಡಿ ಯಾಕವ್ವ? ಕಣ್ಣಿನೊಳಗ ಯಾರು ನೋಡ್ತಾರ?"

"ನಾ ನೋಡ್ತೀನಲ್ಲ, ಒಳಗಿಂದ."

ಪಾರವ್ವ ಹುಡುಕಿ ಅಂಚಿಗೊಂದು ಕೆಂಪು ಎಳೆ ತೆಗೆದಳು.

ಸ್ವಲ್ಪ ಹೊತ್ತಿಗೆ ಮಗು ಅವಳ ಮಗ್ಗುಲಿಗೆ ಒರಗಿ ನಿದ್ದೆಹೋಯಿತು. ಎಚ್ಚರವಾದೀತೆಂದು ಪಾರವ್ವ ಹಣಿಗೆಯನ್ನು ಬಡಿಯಲಿಲ್ಲ, ಮೆಲ್ಲಗೆ ಎಳೆದುಕೊಂಡಳು. ಕೊನೆಯ ಎಳೆಯವರೆಗೂ ಹಾಗೇ.

ಸಂಜೆ ಜಾಲವನ್ನು ಇಳಿಸಿ ಬೆಳಕಿಗೆ ಹಿಡಿದಳು. ಕೆಂಪು ದಡಿಯ ಸಮೇತ ಅದು, ಮಲಗಿದ್ದ ಮಗುವಿನ ಉಸಿರಿಗೇ ಅಲ್ಲಾಡುತ್ತಿತ್ತು.