ಉಡಿಗೆ ಬಿದ್ದ ಜೋಳ

ಮಗನ ಹೆಸರೇನು ಎಂದು ಕಲ್ಲಮ್ಮ ಕೇಳಿದಾಗ ಶಿವಗಂಗಮ್ಮನಿಗೆ ಹೆಸರೇ ನೆನಪಾಗಲಿಲ್ಲ. ಜಗಳೂರಲ್ಲಿ ಬಸ್ಸು ಹತ್ತುವಾಗ ಒಂದನ್ನು ಗಟ್ಟಿ ಮಾಡಿಕೊಂಡಿದ್ದಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವ ಗದ್ದಲದಲ್ಲಿ ಅದು ಎಲ್ಲೋ ಬಿದ್ದುಹೋಗಿತ್ತು. ಹೆತ್ತಿದ್ದರೆ ತಾನೇ ನೆನಪಿರುವುದು.

"ಕೊಟ್ರಬಸಪ್ಪ," ಎಂದಳು. ಬಸ್ಸಿನಲ್ಲಿ ಯಾರೋ ಕಂಡಕ್ಟರನನ್ನು ಹಾಗೆ ಕೂಗಿದ್ದರು.

ಅದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ಹೈಬ್ರಿಡ್ ಜೋಳ ಬಂದು ಜಗಳೂರು ಕಡೆಯ ಹಳೆಯ ಬಿಳಿಜೋಳವನ್ನು ಹೇಳಹೆಸರಿಲ್ಲದಂತೆ ಮಾಡಿತ್ತು. ಹೊಸದರ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು. ಅದರ ಗಿಡ್ಡ ದಂಟನ್ನು ಎತ್ತುಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಹಳೆಯ ಬೀಜ ಉಳಿದಿರುವುದು ನ್ಯಾಮತಿ ಹತ್ತಿರದ ಈ ಕಲ್ಲಮ್ಮನ ಮನೆಯಲ್ಲಿ ಮಾತ್ರ ಎಂದು ಸುದ್ದಿ. ಕೇಳಿ ತರೋಣವೆಂದರೆ ಬಿತ್ತನೆ ಬೀಜ ಮನೆಯ ಲಕ್ಷ್ಮಿ. ಬೀಗರಿಗಲ್ಲದೆ ಯಾರಿಗೂ ಹೊಸ್ತಿಲು ದಾಟಿಸುವಂತಿಲ್ಲ. ಶಿವಗಂಗಮ್ಮನ ಮನೆಯಲ್ಲೂ ಅದೇ ಕಟ್ಟಳೆ. ಸರಿ, ಬೀಗತಿಯಾಗಲು ಹೊರಟಳು.

ಗಂಡಸರು ಆಮೇಲೆ, ಮೊದಲು ನಾನೊಬ್ಬಳೇ ನಿಮ್ಮ ಮಗಳನ್ನು ನೋಡುತ್ತೇನೆ ಎಂದು ಹೇಳಿಕಳಿಸಿದ್ದಕ್ಕೆ ಕಲ್ಲಮ್ಮ ಥಟ್ಟನೆ ಒಪ್ಪಿದ್ದಳು. ಹೊಸ ಬೀಗರು ತಮ್ಮ ಮನೆಯ ತೆನೆ ತರುವುದು ನಮ್ಮ ಪದ್ಧತಿ, ನವಣೆಯಾದರೆ ಶುಭ ಎಂದಷ್ಟೇ ಕೇಳಿಕೊಂಡಿದ್ದಳು.

ಹುಡುಗಿ ಶಾಂತಾದೇವಿ ಕಾಫಿ ಮಾಡಲು ಒಳಗೆ ಹೋದಳು. ಒಂದೊಂದೇ ಡಬ್ಬಿಯ ಮುಚ್ಚಳ ಸದ್ದಾಯಿತು.

"ಸಕ್ಕರೆ ಎಲ್ಲೈತೆ?" ಒಳಗಿನಿಂದ ಸಣ್ಣ ದನಿ.

"ನಾಚಿಕೆ ನೋಡ್ರಿ, ಸಕ್ಕರೆ ಇಟ್ಟ ಜಾಗಾನೂ ಮರೆತಾಳೆ," ಎಂದು ಕಲ್ಲಮ್ಮ ನಕ್ಕಳು.

ಕಾಫಿ ಬಂತು. ಪಕ್ಕದ ಮನೆಯಲ್ಲಿ ಕೂಸೊಂದು ಚೀರಿತು. ಹುಡುಗಿ ಥಟ್ಟನೆ ಆ ಕಡೆ ತಿರುಗಿದ್ದಕ್ಕೆ ಲೋಟ ತುಳುಕಿತು. ಎಂಥ ಮೆದು ಜೀವ ಎಂದುಕೊಂಡಳು ಶಿವಗಂಗಮ್ಮ.

ನವಣೆ ತೆನೆಯ ಗಂಟನ್ನು ಕಲ್ಲಮ್ಮ ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಒಲೆಯ ಮೇಲೆ ಹೊಗೆ ಕುಡಿಯುತ್ತ ತೂಗಾಡುತ್ತಿದ್ದ ಜೋಳದ ತೆನೆಗಳತ್ತ ನೋಡಿದಳು.

"ಉಡಿ ತುಂಬಾಕೆ ಅಕ್ಕಿ ತರ್ಲೇನ್ರಿ, ಜೋಳಾನಾ?"

"ಜೋಳಾನೇ ಇರ್ಲಿ ಅಕ್ಕಾರೆ. ನಮ್ಮ ಕೊಟ್ರಬಸಪ್ಪಗೆ ರೊಟ್ಟಿ ಅಂದ್ರೆ ಜೀವ."

ಆ ತೆನೆಗಳ ಜೋಳದಿಂದಲೇ ಉಡಿ ತುಂಬಿತು. ಬಸ್ಸಿನ ದಾರಿ ಹಿಡಿದಾಗ ಅದು ಭಾರವಾಗತೊಡಗಿತು. ಜೋಳಕ್ಕಿಂತ ಆ ಹುಡುಗಿಯದೇ ಭಾರ. ಪಾಪ, ಕೊಟ್ರಬಸಪ್ಪನಿಗೆ ಮೀಸೆ ಹೇಗಿದೆಯೋ ಎಂದು ಯೋಚಿಸುತ್ತ ಕೂತಿದ್ದರೆ? ಇಲ್ಲದ ಮಗನಿಗೆ ಇರುವ ಹುಡುಗಿಯನ್ನು ಕಾಯಿಸುವುದೇ? ನಿಜ ಹೇಳಿಬಿಡುವುದು. ಜೋಳ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಸೆರಗನ್ನು ಬಿಗಿಯಾಗಿ ಹಿಡಿದು ಹಿಂದಿರುಗಿದಳು.

ಕಲ್ಲಮ್ಮನ ಬಾಗಿಲಲ್ಲಿ ಪಕ್ಕದ ಮನೆಯ ಗಾದ್ರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನವಣೆ ಬೀಜ ಸಿಕ್ತಲ್ಲ ಕಲ್ಲಕ್ಕ, ಇನ್ನಾದ್ರೂ ನನ್ನ ಸೊಸೆನ ಮನಿಗೆ ಕಳಿಸು, ಕೂಸು ಹಾಲಿಗೆ ಅಳಾಕೆ ಹತ್ತೈತೆ."